ಮಣೆ ಕುಟ್ಟಿದ ಸದ್ದು

ಹಾಲಿನವನು ಹೊಯ್ದು ಹೋದ ಹಾಲಿಗೆ ಬೆರಳು ಅದ್ದಿ ನೋಡದೆ ನಾನು ಪಾತ್ರೆಯನ್ನು ಒಲೆಗೆ ಇಟ್ಟವಳಲ್ಲ. ಬಸ್ಸಿನಲ್ಲಿ ಪಕ್ಕದವರು ಕಣ್ಣು ಮುಚ್ಚಿದ್ದರೆ ನಿಜಕ್ಕೂ ನಿದ್ದೆಯೋ, ನನ್ನ ಜೊತೆ ಮಾತು ಬೇಡವೆಂದು ನಾಟಕವೋ ಎಂದು ರೆಪ್ಪೆ ನೋಡುತ್ತೇನೆ. ಶಿರಸಿಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಈ ಗುಣ ಪರೀಕ್ಷೆಯ ಕೊಠಡಿಯಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಮನೆಯಲ್ಲಿ ಅಷ್ಟು ಬಂದಿಲ್ಲ. ಇಲ್ಲಿ ಬರೆಯುತ್ತಿರುವುದು ಮನೆಯ ಸಂಗತಿ. ನನ್ನ ಮಗಳಿಗೆ ಮೂರು ವರ್ಷ ತುಂಬುತ್ತ ಬಂದರೂ ಮಾತು ಬರಲಿಲ್ಲ, ಅದಕ್ಕೆ ನಾನು ನನ್ನ ಮಾವನ ಮೇಲೆ ಅನುಮಾನಪಟ್ಟೆ.

ಮಾವ ಸಿದ್ದಾಪುರ ಕಡೆಯ ಮನ್ಮನೆ ಎಂಬ ಊರಿನವರು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮಗು ಹುಟ್ಟಿ, ನನ್ನ ರಜೆ ಮುಗಿದು, ನಾನು ಕಾಲೇಜಿಗೆ, ಗಂಡ ಯಲ್ಲಾಪುರದ ಕಚೇರಿಗೆ ದಿನಾ ಹೋಗಬೇಕಾದಾಗ ಮಗುವನ್ನು ನೋಡಿಕೊಳ್ಳಲು ಅವರೇ ಶಿರಸಿಯ ನಮ್ಮ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ಹಲಸಿನ ಮಣೆ ತಂದಿದ್ದರು. ನಾವು ಮೇಜಿನ ಮೇಲೆ ಉಣ್ಣುತ್ತೇವೆ, ಅವರಿಗೆ ನೆಲದ ಮೇಲೆ ಮಣೆಯೇ ಆಗಬೇಕು. ಅದೊಂದೇ ಆಗಿದ್ದರೆ ನನಗೆ ತೊಂದರೆ ಇರಲಿಲ್ಲ. ಅವರು ಉಣ್ಣುವಾಗ ಮಾತಾಡುತ್ತಿರಲಿಲ್ಲ.

ಬಾಳೆಲೆಯ ಸುತ್ತ ನೀರು ತಿರುವಿದ ಮೇಲೆ ಎದ್ದು ಕೈ ತೊಳೆಯುವವರೆಗೆ ಅವರ ಬಾಯಿಂದ ಒಂದು ಶಬ್ದ ಬರಬಾರದು. ಬಂದರೆ ಊಟ ಅಲ್ಲಿಗೆ ಮುಗಿಯಿತು. ಎಲೆಯಲ್ಲಿ ಎಷ್ಟೇ ಇರಲಿ, ಹಸಿವು ಎಷ್ಟೇ ಇರಲಿ, ಏಳಬೇಕು. ಮುಂಜಿಯಾದ ವರ್ಷ ಹಿಡಿದ ನೇಮವಂತೆ, ಒಮ್ಮೆಯೂ ತಪ್ಪಿಲ್ಲವಂತೆ. ಮದುವೆಯಾದ ಹೊಸತರಲ್ಲಿ ಮನ್ಮನೆಯಲ್ಲಿ ಬಡಿಸಲು ನಿಂತ ನನಗೆ ಇದು ದೊಡ್ಡ ಪರೀಕ್ಷೆಯಾಗಿತ್ತು. ಅಂಗೈ ಎಲೆಯ ಮೇಲೆ ಅಡ್ಡ ಹಿಡಿದರೆ ಸಾಕು ಎಂದರ್ಥ. ಹೆಬ್ಬೆರಳು ತೋರುಬೆರಳು ಸೇರಿಸಿದರೆ ಉಪ್ಪು. ಕೈ ಬಟ್ಟಲಿನಂತೆ ಮಾಡಿದರೆ ತಂಬುಳಿ, ಅದನ್ನೇ ತುಟಿಗೆ ತಂದರೆ ಕುಡಿಯುವ ಅಪ್ಪೆಹುಳಿ. ನಾನು ಒಳಗೆ ಇದ್ದರೆ ಬೆರಳ ಗೆಣ್ಣಿನಿಂದ ಮಣೆಯನ್ನು ಎರಡು ಸಲ ಕುಟ್ಟುವರು, ನಾನು ಸೌಟು ಹಿಡಿದು ಓಡಿ ಬರಬೇಕು. ನನಗೆ ಆಗಲೇ ಸಂಶಯ ಬಂದಿತ್ತು. ಇದು ದೇವರ ನೇಮವೋ, ಸೊಸೆಯನ್ನು ಮಾತಿನಲ್ಲಿ ಕೇಳುವ ಶ್ರಮ ತಪ್ಪಿಸಿಕೊಳ್ಳುವ ಉಪಾಯವೋ?

ಮಗಳು ಕೂರಲು ಕಲಿತ ದಿನದಿಂದ ಅಜ್ಜನ ಮಣೆಯ ಪಕ್ಕದಲ್ಲೇ ಊಟಕ್ಕೆ ಕೂತಳು. ಅಜ್ಜ ಕೈ ಅಡ್ಡ ಹಿಡಿದರೆ ಅವಳೂ ಹಿಡಿಯುವಳು. ಅಜ್ಜ ಮಣೆ ಕುಟ್ಟಿದರೆ ಅವಳೂ ಕುಟ್ಟುವಳು. ನಾನು ಬಂದರೆ ಇಬ್ಬರೂ ನನ್ನನ್ನು ನೋಡುವರು. ಒಂದೂವರೆ ವರ್ಷಕ್ಕೆ ಅವಳಿಗೆ ಉಪ್ಪು, ನೀರು, ಸಾಕು, ಇನ್ನೂ ಬೇಕು ಎಲ್ಲವೂ ಕೈಯಲ್ಲಿ ಬರುತ್ತಿತ್ತು. ಬಂದವರೆಲ್ಲ ನೋಡಿ ನಕ್ಕರು, ನಾನೂ ನಕ್ಕೆ. ಎರಡು ವರ್ಷವಾದಾಗ ನಾನು ನಗುವುದನ್ನು ಬಿಟ್ಟೆ. ಅವಳ ವಾರಿಗೆಯ ಮಕ್ಕಳು ಬಾಯಿ ತುಂಬ ಮಾತಾಡುತ್ತಿದ್ದವು, ನನ್ನ ಮಗಳು ಬೆರಳು ತೋರಿಸುತ್ತಿದ್ದಳು.

ಮನುಷ್ಯನ ವಿಕಾಸದ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ನಮ್ಮ ಹಿರಿಯರು ಎರಡು ಕಾಲಿನ ಮೇಲೆ ನಿಂತರು, ಕೈ ಬಿಡುವಾಯಿತು. ಗಂಟಲಿನ ಧ್ವನಿಪೆಟ್ಟಿಗೆ ಕೆಳಗಿಳಿಯಿತು, ನಾಲಿಗೆಗೆ ಆಡಲು ಜಾಗ ಸಿಕ್ಕಿತು. ಕೈ ಬಿಡುವಾದದ್ದರಿಂದ ಮೊದಲು ಸನ್ನೆ ಹುಟ್ಟಿತು, ಆಮೇಲೆ ಕೈಗೆ ಕೆಲಸ ಹೆಚ್ಚಾಗಿ ಮಾತು ಬಾಯಿಗೆ ಬಂತು ಎನ್ನುವವರಿದ್ದಾರೆ. ಅಲ್ಲ, ಅಪಾಯ ಕಂಡಾಗ ಮಂಗಗಳು ಹಾಕುವ ಕೂಗಿನಂಥದ್ದೇ ಬೆಳೆದು ಮಾತಾಯಿತು ಎನ್ನುವವರೂ ಇದ್ದಾರೆ. ನನ್ನ ತವರು ಯಲ್ಲಾಪುರದ ಇಡಗುಂದಿ. ಅಲ್ಲಿ ಕಪ್ಪು ಮೂತಿಯ ಮುಸುವಗಳು ಮರದ ತುದಿಯಿಂದ ಒಣ ಕೆಮ್ಮಿನಂಥ ಸದ್ದು ಮಾಡಿದರೆ ಅಪ್ಪ ದನ ಎಲ್ಲಿವೆ ನೋಡಿ ಎನ್ನುತ್ತಿದ್ದರು. ಚಿರತೆ ಹತ್ತಿರದಲ್ಲಿ ಇದೆ ಎಂದು ಅದರ ಅರ್ಥ. ಆ ಕೂಗಿಗೆ ಇಡೀ ಗುಂಪು ತಕ್ಷಣ ಸುಮ್ಮನಾಗುವುದನ್ನು ನಾನೇ ನೋಡಿದ್ದೇನೆ.

ಆ ವರ್ಷ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಎಲ್ಲರಿಗಿಂತ ಮೊದಲು ಮಾತಾಡಿದವರು ಯಾವ ಶಬ್ದ ಹೇಳಿರಬಹುದು?"

"ಗೊತ್ತಿಲ್ಲ. ಮೂಳೆ ಮಣ್ಣಿನಲ್ಲಿ ಉಳಿಯುತ್ತದೆ, ಶಬ್ದ ಉಳಿಯುವುದಿಲ್ಲ," ಎಂದೆ.

ಉತ್ತರ ಚೆನ್ನಾಗಿಯೇ ಇತ್ತು. ಆದರೆ ಕರಿಹಲಗೆಯ ಕಡೆ ತಿರುಗಿದಾಗ ನನಗೆ ಅಳು ಬಂತು. ಲಕ್ಷಾಂತರ ವರ್ಷ ತೆಗೆದುಕೊಂಡು ಮನುಷ್ಯಕುಲ ಕಲಿತ ಒಂದು ಕೆಲಸ ನನ್ನ ಮನೆಯಲ್ಲಿ ಮಾತ್ರ ಹಿಂದಕ್ಕೆ ನಡೆಯುತ್ತಿದೆ, ಅದನ್ನು ನಡೆಸುತ್ತಿರುವವರು ಮಾವ ಎಂದು ಅಂದೇ ನಿಶ್ಚಯ ಮಾಡಿಕೊಂಡೆ. ಮಗುವಿಗೆ ಬೇಕಾದದ್ದೆಲ್ಲ ಕೈಸನ್ನೆಯಲ್ಲೇ ಸಿಗುತ್ತಿರುವಾಗ ಅದು ಬಾಯಿ ಯಾಕೆ ಬಿಡಬೇಕು?

ಡಾಕ್ಟರಿಗೆ ತೋರಿಸಿದೆವು. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಕೆಲವು ಮಕ್ಕಳಿಗೆ ತಡವಾಗುತ್ತದೆ, ಮಗುವಿನ ಜೊತೆ ಆರಾಮಾಗಿ ಮಾತಾಡುತ್ತ ಇರಿ, ಆರು ತಿಂಗಳು ಬಿಟ್ಟು ಕರೆತನ್ನಿ ಎಂದರು. ಇಷ್ಟು ಸಣ್ಣ ಉತ್ತರ ಕೊಟ್ಟರೆಂದು ನನಗೆ ಅವರ ಮೇಲೂ ಅನುಮಾನ ಬಂತು. ಮಾತು ಬರಲೆಂದು ತವರಿನಿಂದ ಅಮ್ಮ ಬಜೆಯ ಕೊಂಬು ಕಳಿಸಿದಳು, ತೇದು ಜೇನಿನಲ್ಲಿ ನೆಕ್ಕಿಸಿದೆ. ಸ್ವರ್ಣವಲ್ಲಿ ಮಠಕ್ಕೆ ಹೋಗಿ ಪ್ರಾರ್ಥನೆ ಮಾಡಿಕೊಂಡು ಬಂದೆವು. ದಾರಿಯುದ್ದಕ್ಕೂ ಮಗು ಕಿಟಕಿಯಿಂದ ಹೊರಗೆ ಕೈ ತೋರಿಸುತ್ತಲೇ ಇದ್ದಳು, ನಾನು "ಅದೆಂತ ಹೇಳು, ಎಂತ ಹೇಳು" ಎಂದು ಗಲ್ಲ ಹಿಡಿದು ಕೇಳುತ್ತಲೇ ಇದ್ದೆ.

ಆಮೇಲೆ ನಾನೇ ಪಾಠ ಶುರುಮಾಡಿದೆ. ಸಂಜೆ ಕಾಲೇಜಿನಿಂದ ಬಂದವಳು ಹೆಲ್ಮೆಟ್ ತೆಗೆದಿಟ್ಟು ಚಿತ್ರದ ಪುಸ್ತಕ ಹಿಡಿದು ಮಗಳನ್ನು ಎದುರಿಗೆ ಕೂರಿಸಿಕೊಳ್ಳುವುದು. ಆನೆ ಹೇಳು. ಹೂವು ಹೇಳು. ಹೇಳಿದರೆ ಬಿಸ್ಕತ್ತು, ಕೈ ತೋರಿಸಿದರೆ ಇಲ್ಲ. ಅವಳ ತುಟಿ ಸ್ವಲ್ಪ ಅಲುಗಿದರೆ ಸಾಕು, ನಾನು ಮುಖದ ಹತ್ತಿರ ಮುಖ ತಂದು "ಎಂತ ಹೇಳ್ದೆ? ಇನ್ನೊಂದು ಸಲ ಹೇಳು" ಎನ್ನುತ್ತಿದ್ದೆ. ಅವಳು ತುಟಿ ಒಳಗೆ ಎಳೆದುಕೊಳ್ಳುತ್ತಿದ್ದಳು. ಮಾವ ಇದನ್ನು ಜಗಲಿಯಿಂದ ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಮಾತಾಡದವರು ಈಗ ಬೇರೆ ಹೊತ್ತಿನಲ್ಲೂ ಮಾತಾಡುವುದಿಲ್ಲ, ಇದರಲ್ಲಿ ಏನೋ ಇದೆ ಅನಿಸಿತು.

ಪಕ್ಕದ ಮನೆಯವರದು ಮುಸ್ಲಿಂ ಕುಟುಂಬ. ಯಜಮಾನರು ಶಿರಸಿ ಯಲ್ಲಾಪುರ ನಡುವೆ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾರೆ. ಅವರ ಹೆಂಡತಿಯನ್ನು ನಾನು ಭಾಭಿ ಎನ್ನುತ್ತೇನೆ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಅವರು ಬೇಲಿಯ ಆಚೆಯಿಂದ ಹೇಳಿದರು, "ಟೀಚರ್, ನಿಮ್ಮ ಮಗಳು ಮಾತಾಡ್ತದೆ ಅಲ್ಲ, ನೀವ್ಯಾಕೆ ಚಿಂತೆ ಮಾಡ್ತೀರಿ?"

"ಎಲ್ಲಿ ಮಾತಾಡ್ತಾಳೆ ಭಾಭಿ?"

"ಮಧ್ಯಾಹ್ನ ಅಜ್ಜನ ಹತ್ರ. ನಾನು ಇಲ್ಲಿ ಪಾತ್ರೆ ತೊಳೀತಾ ಇದ್ದೆ. ಕಿವಿಯಾರೆ ಕೇಳ್ದೆ."

ಸಮಾಧಾನಕ್ಕೆ ಹೇಳಿರಬಹುದು ಎಂದುಕೊಂಡೆ. ಅಥವಾ ಅವರದೇ ಮನೆಯ ಮಕ್ಕಳ ಧ್ವನಿ ಕೇಳಿರಬಹುದು. ಆದರೂ ಆ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ದಿನವಿಡೀ ಕಾಡಿತು. ಮರುದಿನ ಕಾಲೇಜಿಗೆ ಹೊರಡುವಾಗ ನನ್ನ ಹಳೆಯ ಫೋನನ್ನು ರೆಕಾರ್ಡ್ ಮಾಡಲು ಬಿಟ್ಟು ಊಟದ ಕೋಣೆಯ ಕಪಾಟಿನಲ್ಲಿ ಹಪ್ಪಳದ ಡಬ್ಬಿಯ ಹಿಂದೆ ಇಟ್ಟೆ. ಸ್ವಂತ ಮನೆಯಲ್ಲಿ ಕಳ್ಳಿಯಂತೆ ಬೆರಳ ತುದಿಯಲ್ಲಿ ನಡೆದು ಆಚೆ ಬಂದೆ. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಫೋನನ್ನು ತೆಗೆಯಲಿಲ್ಲ.

ಅದರ ಮರುದಿನ ಬಿಡುವಿನ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಬಹಳ ಹೊತ್ತು ಏನೂ ಇಲ್ಲ. ಮಾವನ ಚಪ್ಪಲಿ, ನಲ್ಲಿ, ಯಾರದೋ ಮನೆಯ ಮಿಕ್ಸಿ. ಆಮೇಲೆ ಊಟ, ಅದರಲ್ಲಂತೂ ಮಾತಿಲ್ಲ. ಕೈ ತೊಳೆದ ಸದ್ದು. ಮತ್ತೆ ಮೌನ. ಓಡಿಸಿ ಓಡಿಸಿ ಬೇಸತ್ತು ಇನ್ನೇನು ನಿಲ್ಲಿಸಬೇಕು ಎನ್ನುವಾಗ ಒಂದು ಸಣ್ಣ, ಸ್ವಲ್ಪ ಒರಟಾದ ಧ್ವನಿ ಹೇಳಿತು, "ಅಜ್ಜ, ಕಾಕೆ ಹೋತು."

ಮಾವ ಕೇಳಿದರು, "ಎಲ್ಲಿಗೆ ಹೋತು?"

"ಆಚೆ. ಮರಕ್ಕೆ."

ನನ್ನ ಮಗಳ ಧ್ವನಿ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಎದುರಿಗಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಯಾವ ತಾಯಿಗಾದರೂ ಆ ಹೊತ್ತಿನಲ್ಲಿ ಸಂತೋಷವಾಗಬೇಕು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನದೊಂದು ವಸ್ತುವನ್ನು ಮನೆಯೊಳಗೇ ಯಾರೋ ಬಚ್ಚಿಟ್ಟುಕೊಂಡಿದ್ದರು.

ಮುಂದೆ ಕೇಳಿದೆ. ಕಾಗೆ, ಬಾಳೆಗಿಡ, ಭಾಭಿಯ ಮನೆಯ ಬೆಕ್ಕು, ಹೀಗೆ ಒಂದೊಂದೇ ಶಬ್ದ ಬರುತ್ತಿತ್ತು. ಕೊನೆಯಲ್ಲಿ ದೂರದಿಂದ ಒಂದು ಸ್ಕೂಟರಿನ ಸದ್ದು. ನನ್ನದೇ, ತಿರುವಿನಲ್ಲಿ ಅದು ಕೆಮ್ಮುವುದು ನನಗೆ ಗೊತ್ತು. ಆಗ ಮಣೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿದ ಸದ್ದು. ಅಷ್ಟೇ. ಧ್ವನಿ ನಿಂತುಹೋಯಿತು. ಬಾಗಿಲು ತೆರೆದದ್ದು, ಹೆಲ್ಮೆಟ್ ಇಟ್ಟದ್ದು, "ಆನೆ ಹೇಳು" ಎಂಬ ನನ್ನ ಮಾತು, ಯಾವುದಕ್ಕೂ ಉತ್ತರವಿಲ್ಲ.

ಎಲ್ಲ ಸ್ಪಷ್ಟವಾಯಿತು ಎಂದುಕೊಂಡೆ. ಆ ಕುಟ್ಟುವಿಕೆ ಯಾರದೆಂದು ನನಗೆ ಗೊತ್ತಿಲ್ಲವೇ? ಎಷ್ಟು ವರ್ಷ ಅದಕ್ಕೆ ಸೌಟು ಹಿಡಿದು ಓಡಿದ್ದೇನೆ. ಮಾವ ಮಗುವಿಗೆ ಸನ್ನೆ ಕೊಡುತ್ತಿದ್ದಾರೆ, ನಿನ್ನ ಆಯಿ ಬಂದಳು, ಬಾಯಿ ಮುಚ್ಚು ಎಂದು. ಮಗು ತಮ್ಮೊಬ್ಬರ ಜೊತೆಯೇ ಮಾತಾಡಲಿ ಎಂಬ ಆಸೆ. ಸಂಜೆ ಗಂಡನಿಗೆ ಇದನ್ನೆಲ್ಲ ಕೇಳಿಸಿದೆ. ಮಗಳ ಧ್ವನಿ ಕೇಳಿ ಅವರ ಕಣ್ಣು ತುಂಬಿತು. ಮಣೆಯ ವಿಷಯಕ್ಕೆ ಮಾತ್ರ ತಲೆ ಆಡಿಸಿದರು.

"ಅಪ್ಪ ಹಂಗೆಲ್ಲ ಮಾಡವ ಅಲ್ಲ. ನಿಂಗೆ ಎಲ್ಲದ್ರಲ್ಲೂ ಸಂಶಯ."

"ಹಂಗಾದ್ರೆ ಕುಟ್ಟಿದ್ದು ಯಾರು?"

"ಅಪ್ಪನ ಹತ್ರವೇ ಕೇಳು."

ಕೇಳಿದೆ. ಕೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ, ಅದನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೆ. ಭಾನುವಾರ ಮಧ್ಯಾಹ್ನ ಮಾವ ಎಲೆಯ ಸುತ್ತ ನೀರು ತಿರುವಿ, ಮೊದಲ ಅನ್ನ ಕಲಸುವವರೆಗೆ ಕಾದೆ. ಈಗ ಅವರು ಉತ್ತರ ಕೊಡುವಂತಿಲ್ಲ. ವಾದಕ್ಕೆ ನಿಲ್ಲುವಂತಿಲ್ಲ. ನನ್ನ ಮಾತು ಪೂರ್ತಿ ಮುಗಿಯುತ್ತದೆ, ಅವರು ಪೂರ್ತಿ ಕೇಳಬೇಕಾಗುತ್ತದೆ. ಅವರ ಪಕ್ಕದಲ್ಲಿ ಮಗಳು ತನ್ನ ಪುಟ್ಟ ತಟ್ಟೆ ಹಿಡಿದು ಕೂತಿದ್ದಳು. ನಾನು ಸಾರಿನ ಪಾತ್ರೆ ಕೆಳಗಿಟ್ಟು ಅವರ ಎದುರಿಗೇ ಕೂತೆ.

"ಮಾವ, ಕೂಸು ನಿಮ್ಮ ಹತ್ರ ಮಾತಾಡ್ತು ಹೇಳಿ ಯಂಗೆ ಗೊತ್ತಾಜು. ಆನು ಬಪ್ಪಕ್ಕಿದ್ರೆ ನಿಂಗ ಮಣೆ ಕುಟ್ಟಿ ಅದರ ಬಾಯಿ ಮುಚ್ಚಸ್ತಿ. ಅದೂ ಗೊತ್ತಾಜು. ಆನು ಹೆತ್ತ ಕೂಸು ಅದು. ನಿಂಗ ಮನ್ಮನೆಗೆ ಹೋದ್ರೇ ಅದಕ್ಕೆ ಒಳ್ಳೇದು."

ಗಂಡ ಮೇಜಿನಿಂದ ನನ್ನ ಹೆಸರು ಹಿಡಿದು ಕರೆದರು. ನಾನು ತಿರುಗಲಿಲ್ಲ. ಮಾವನ ಕೈ ಎಲೆಯ ಮೇಲೆ ನಿಂತಿತ್ತು. ಅವರ ಮುಖದಲ್ಲಿ ಕಳ್ಳತನ ಹುಡುಕಿದೆ, ಸಿಗಲಿಲ್ಲ. ಆಗ ಅವರ ಪಕ್ಕದಿಂದ ಸದ್ದು ಬಂತು. ಟಕ್ ಟಕ್. ಮಾವನ ಬಲಗೈ ಅನ್ನದಲ್ಲಿತ್ತು, ಎಡಗೈ ತೊಡೆಯ ಮೇಲಿತ್ತು. ಕುಟ್ಟಿದ್ದು ನನ್ನ ಮಗಳು. ಅಜ್ಜನ ಮಣೆಯ ಅಂಚನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ನನ್ನ ಮುಖ ನೋಡುತ್ತ, ಅದೇ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

"ತಂಗೀ," ಎಂದು ನನ್ನನ್ನು ಕರೆದರು ಮಾವ.

ಅನ್ನದ ಎದುರು ಕೂತ ಅವರ ಧ್ವನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗಂಡ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೇಜಿನ ಹತ್ತಿರ ಗಂಡ ಕುರ್ಚಿ ಸರಿಸಿ ಎದ್ದುನಿಂತರು.

"ಆನು ಕಲಿಸಿದ್ದಲ್ಲ ತಂಗೀ. ಬಡಿಸಲೆ ಹೇಳಿ ಆನು ಕುಟ್ಟಿದ್ರೆ ನೀ ಬರ್ತಿದ್ದೆ. ಕೂಸು ಅದನ್ನೇ ಹಿಡಕಂಡಿದ್ದು. ನೀ ಬಂದೆ ಹೇಳಲೆ ಹಂಗೆ ಕುಟ್ತು. ಕುಟ್ಟಿಕ್ಕಿ ಸುಮ್ಮನಾಗ್ತು. ಆನೂ ಎಷ್ಟೋ ಸಲ ಹೇಳಿ ನೋಡಿದ್ದೆ, ಆಯಿ ಹತ್ರ ಮಾತಾಡು ಹೇಳಿ. ನೀ ಅದರ ಬಾಯನ್ನೇ ನೋಡ್ತಾ ಕೂತ್ರೆ ಅದು ಎಂತ ಮಾತಾಡ್ತು?"

ಇಷ್ಟು ಹೇಳಿ ಮಾವ ಎದ್ದರು. ಎಲೆಯಲ್ಲಿ ಕಲಸಿದ ಅನ್ನ, ಪಲ್ಯ, ಮುಟ್ಟದ ಹಪ್ಪಳ ಎಲ್ಲ ಹಾಗೇ ಇತ್ತು. ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡರು. ಒಂದು ಜನ್ಮದ ನೇಮವನ್ನು ನನಗಾಗಿ ಮುರಿದಿದ್ದರು, ಅದಕ್ಕೆ ಅವರ ಮುಖದಲ್ಲಿ ದೊಡ್ಡಸ್ತಿಕೆಯೂ ಇರಲಿಲ್ಲ.

ನಾನು ಅಲ್ಲೇ ಕೂತಿದ್ದೆ. ಇಡಗುಂದಿಯ ಮರದ ತುದಿಯ ಮುಸುವಗಳು ನೆನಪಾದವು. ಒಂದು ಕೂಗು, ಆಮೇಲೆ ಇಡೀ ಗುಂಪು ಸುಮ್ಮನಾಗುವುದು. ನನ್ನ ಮಗಳು ತಾನೇ ಕಟ್ಟಿಕೊಂಡ ಮೊದಲ ಶಬ್ದ ನನ್ನನ್ನು ಕುರಿತದ್ದೇ ಆಗಿತ್ತು, ಮತ್ತು ಅದು ಚಿರತೆ ಬಂತು ಎನ್ನುವ ಶಬ್ದವಾಗಿತ್ತು. ಇಷ್ಟು ದಿನ ಬೇರೆಯವರ ರೆಪ್ಪೆ ನೋಡಿದವಳು ನನ್ನ ಮುಖ ಮಗುವಿಗೆ ಹೇಗೆ ಕಾಣುತ್ತದೆ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಮಗಳು ಬಾಯಿಯಿಂದ ಕೈ ತೆಗೆದಳು. ನನ್ನನ್ನು ನೋಡಲಿಲ್ಲ. ಅಜ್ಜನ ಎಲೆ ನೋಡಿದಳು, ಹಿತ್ತಿಲ ಬಾಗಿಲು ನೋಡಿದಳು. "ಅಜ್ಜ, ಉಣ್ಣು," ಎಂದು ಕೂಗಿದಳು. ನನ್ನ ಎದುರಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ಅದು ನನಗೆ ಹೇಳಿದ್ದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವನ ಟ್ರಂಕು ಜಗಲಿಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಮಾವ ಅದರಿಂದ ಪಂಚೆಗಳನ್ನು ತೆಗೆಯುತ್ತಿದ್ದರೋ ತುಂಬುತ್ತಿದ್ದರೋ ನನಗೆ ಕಾಣಲಿಲ್ಲ. ಸಿದ್ದಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲೇಜಿಗೆ ತಡವಾಗುತ್ತಿದ್ದರೂ ಅವರ ಹತ್ತಿರ ಹೋಗಿ ನಿಂತೆ.

"ಮಾವ, ಹೋಗಡಿ, ಇಲ್ಲೇ ಇರಿ. ತಪ್ಪಾತು."

ಅವರು ತಲೆ ಎತ್ತಿದರು. "ಆನು ಎಲ್ಲಿಗೆ ಹೋಗ್ತೆ? ಪಂಚೆಗೆ ಜಿರಲೆ ಬಿದ್ದಿದ್ದು. ಬಿಸಿಲಿಗೆ ಹಾಕವು."

ನನ್ನ ಅನುಮಾನ ಮತ್ತೊಮ್ಮೆ ತಪ್ಪಿತ್ತು. ಹಾಗೆ ತಪ್ಪಿದ್ದಕ್ಕೆ ಅಂದು ಆದಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ. ಅಂದಿನ ಮಧ್ಯಾಹ್ನದಿಂದಲೇ ಅವರು ನೇಮವನ್ನು ಮತ್ತೆ ಶುರುಮಾಡಿದರು. ನೂಲು ಒಂದು ಸಲ ಕಡಿದರೆ ಗಂಟು ಹಾಕಿಕೊಂಡರಾಯಿತು ಎಂದರಂತೆ ಮಗನ ಹತ್ತಿರ.

ನಾನು ಚಿತ್ರದ ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ. ಸಂಜೆ ಬಂದರೆ ಮಗಳ ಎದುರಿಗೆ ಕೂರುವುದನ್ನು ಬಿಟ್ಟೆ. ಅವರಿಬ್ಬರಿಗೂ ಬೆನ್ನು ಹಾಕಿ ಅಕ್ಕಿ ಆರಿಸುವುದು, ಬಸಳೆ ಸೋಸುವುದು. ಬಿಸ್ಕತ್ತನ್ನು ಕೈ ತೋರಿಸಿದರೂ ಕೊಟ್ಟೆ. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ನೋಡದೆ ಕೂರುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ಹೇಳಲಾರೆ. ಕುತ್ತಿಗೆಯೇ ನೋಯುತ್ತಿತ್ತು. ಮೊದಲ ವಾರ ಪೂರ್ತಿ ಮೌನ. ಆಮೇಲೆ ಪಿಸುಮಾತು. ಆಮೇಲೆ ಕಾಗೆ, ಬೆಕ್ಕು, ಮರ. ನಾನು ತಿರುಗಲಿಲ್ಲ. ಒಂದು ದಿನ ಒಂದು ಪುಟ್ಟ ಬೆನ್ನು ನನ್ನ ಬೆನ್ನಿಗೆ ತಾಗಿ ಕೂತಿತು, ಆಗಲೂ ತಿರುಗಲಿಲ್ಲ. ಅಕ್ಕಿಯಲ್ಲಿ ಕಲ್ಲು ಮಾತ್ರ ಕಣ್ಣಿಗೆ ಕಾಣದಂತಾಯಿತು.

ಮಣೆಯ ಸದ್ದು ಮಾತ್ರ ನಿಲ್ಲಲಿಲ್ಲ. ಸ್ಕೂಟರ್ ಆರಿಸಿದ ಕೂಡಲೇ ಒಳಗಿನಿಂದ ಟಕ್ ಟಕ್. ನಾನು ಗೇಟಿನ ಹತ್ತಿರ ನಿಂತು, ಆಮೇಲಿನ ಮೌನವನ್ನು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದೆ. ಅದು ನನಗೆ ಸಿಗಬೇಕಾದದ್ದೇ ಅನಿಸುತ್ತಿತ್ತು.

ಸುಮಾರು ಮೂರು ತಿಂಗಳಾಗಿರಬಹುದು. ಒಂದು ಸಂಜೆ ಸ್ಕೂಟರ್ ಆರಿಸಿದೆ. ಟಕ್ ಟಕ್ ಎಂದಿತು. ಆದರೆ ಮೌನ ಬರಲಿಲ್ಲ, ಬರಿಗಾಲು ಓಡಿ ಬರುವ ಸದ್ದು ಬಂತು. ಬಾಗಿಲಿನಲ್ಲಿ ಮಗಳು ನಿಂತಿದ್ದಳು, ಉಸಿರು ಕಟ್ಟಿಕೊಂಡು. ಕುಟ್ಟಿದ್ದು ಅದೇ ಎರಡು ಪೆಟ್ಟು. ನಾನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತೆ. ಅವಳು ನನ್ನ ಮುಖವನ್ನು ನೇರವಾಗಿ ನೋಡಿ, ನಾನು ಏನೂ ಕೇಳದೆ ಇರುವಾಗಲೇ, ಒಂದೊಂದೇ ಶಬ್ದ ಜೋಡಿಸಿ ಹೇಳಿದಳು.

"ಆಯಿ, ಎಂತೂ ಒಡದ್ದಿಲ್ಲೆ."

ಅವಳ ಹಿಂದೆ ಮಾವ ಗೋಡೆಯ ಕಡೆ ನೋಡುತ್ತ ನಿಂತಿದ್ದರು, ಒಂದು ಕೈ ಬೆನ್ನ ಹಿಂದಿತ್ತು. ಒಳಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ವಾಸನೆ ಬಾಗಿಲವರೆಗೂ ಬರುತ್ತಿತ್ತು. ತವರಿನಿಂದ ತಂದ ಜಾಡಿ, ಮೇಲಿನ ಕಪಾಟಿನಲ್ಲಿ ಇಟ್ಟದ್ದು. ಮಗಳ ಅಂಗಿಯ ಅಂಚಿನಲ್ಲಿ ಕೆಂಪು ರಸವೂ ಇತ್ತು. ಬೇರೆ ಯಾರಾದರೂ ಆಗಿದ್ದರೆ ಒಂದೇ ನಿಮಿಷದಲ್ಲಿ ಚೂರುಗಳನ್ನು ಎದುರಿಗಿಟ್ಟು ವಿಚಾರಣೆ ಮುಗಿಸುತ್ತಿದ್ದೆ.

ನನ್ನ ಮಗಳು ನನ್ನ ಜೊತೆ ಆಡಿದ ಮೊದಲ ಮಾತು ಅದು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಸುಳ್ಳು.

"ಹೌದಾ? ಒಳ್ಳೇದಾತು," ಎಂದೆ. ಕಪಾಟಿನ ಕಡೆ ನೋಡಲಿಲ್ಲ.